ಮೋಡ ಒಂಬತ್ತೂವರೆಗೆ ಕರಗುತ್ತದೋ, ಹನ್ನೊಂದಕ್ಕೋ? ವಿಮಾನ ನಿಲ್ದಾಣದ ಮುನ್ಸೂಚನೆಯ ಒಳಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಎರಡು ರನ್‌ವೇಗಳು ಅಕ್ಕಪಕ್ಕ ಇವೆ. ನಡುವಿನ ಅಂತರ 750 ಅಡಿ, ಅಂದರೆ ಸುಮಾರು 230 ಮೀಟರ್. ಆಕಾಶ ತಿಳಿಯಾಗಿದ್ದರೆ ಪೈಲಟ್‌ಗಳು ಪಕ್ಕದ ವಿಮಾನವನ್ನು ಕಣ್ಣಲ್ಲೇ ನೋಡಿಕೊಂಡು ಜೋಡಿಯಾಗಿ ಇಳಿಯಬಹುದಿತ್ತು. ಈ ನಿಲ್ದಾಣ ಬಹಳ ವರ್ಷ ನಡೆದದ್ದು ಹಾಗೆಯೇ. ಗಂಟೆಗೆ ಸುಮಾರು 60 ವಿಮಾನ ಇಳಿಯುತ್ತಿದ್ದವು. ಮೋಡ ತಗ್ಗಿ ಬಂದರೆ ಪಕ್ಕದವರು ಕಾಣುವುದಿಲ್ಲ. ಒಂದೇ ಸಾಲಿನಲ್ಲಿ ಇಳಿಯಬೇಕು. ಆಗ ಗಂಟೆಗೆ ಸುಮಾರು 30.

ಅಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮೋಡ ತಗ್ಗುವುದು ಅಪರೂಪವೇನಲ್ಲ. ಪೆಸಿಫಿಕ್ ಸಾಗರದ ತಣ್ಣನೆಯ ನೀರಿನ ಮೇಲೆ ಹುಟ್ಟಿದ ಮೋಡದ ಹಾಸು, ರಾತ್ರಿ ಸ್ಯಾನ್ ಬ್ರೂನೋ ಎಂಬಲ್ಲಿ ಗುಡ್ಡಗಳ ನಡುವಿನ ಸಂದಿನಿಂದ ಒಳಗೆ ಬರುತ್ತದೆ. ಬೆಳಿಗ್ಗೆ ಬಿಸಿಲೇರಿದಂತೆ ಕರಗುತ್ತದೆ. ಕರಗುತ್ತದೆ ಅನ್ನುವುದರ ಬಗ್ಗೆ ಸಾಮಾನ್ಯವಾಗಿ ಯಾರಿಗೂ ಅನುಮಾನ ಇರುವುದಿಲ್ಲ. ಎಷ್ಟು ಗಂಟೆಗೆ ಅನ್ನುವುದೇ ತಲೆನೋವು.

ಯಾಕೆಂದರೆ ಬೆಳಿಗ್ಗೆ 10ಕ್ಕೆ ಅಲ್ಲಿ ಇಳಿಯಬೇಕಾದ ಶಿಕಾಗೋ ವಿಮಾನ, ಸ್ಯಾನ್ ಫ್ರಾನ್ಸಿಸ್ಕೋ ಸಮಯದ ಪ್ರಕಾರವೇ ಐದೂವರೆ ಹೊತ್ತಿಗೆ ನೆಲ ಬಿಡಬೇಕು. ಆಗಿನ್ನೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೂರ್ಯನೇ ಮೇಲೇರಿಲ್ಲ. ಮೋಡ ಒಂಬತ್ತೂವರೆಗೆ ಕರಗುತ್ತದೆ ಎಂದು ನಂಬಿ ಎಲ್ಲರನ್ನೂ ಬಿಟ್ಟರೆ, ಅದು ಹನ್ನೊಂದರವರೆಗೆ ಕೂತಿತೆಂದರೆ ವಿಮಾನಗಳು ಆಕಾಶದಲ್ಲೇ ಸುತ್ತು ಹಾಕಬೇಕು, ಕೆಲವು ಬೇರೆ ಊರಿಗೆ ತಿರುಗಬೇಕು. ಹನ್ನೊಂದು ಎಂದು ಹೆದರಿ ಎಲ್ಲರನ್ನೂ ಹೊರಟ ಊರಲ್ಲೇ ತಡೆದರೆ, ಮೋಡ ಒಂಬತ್ತಕ್ಕೇ ಹೋಗಿಬಿಟ್ಟರೆ, ತಿಳಿ ಆಕಾಶದ ಕೆಳಗೆ ರನ್‌ವೇ ಖಾಲಿ ಬಿದ್ದಿರುತ್ತದೆ. ಎರಡೂ ತಪ್ಪೇ. ಆದರೆ ಎರಡರ ಬೆಲೆ ಒಂದೇ ಅಲ್ಲ.

ಇದನ್ನೇ ಹವಾಮಾನದವರು ಸೀಲಿಂಗ್ ಮತ್ತು ವಿಸಿಬಿಲಿಟಿಯ ಕಿರು ಅವಧಿ ಮುನ್ಸೂಚನೆ ಎನ್ನುತ್ತಾರೆ. ಈಗಿನಿಂದ ಒಂದು ದಿನದ ತನಕದ ಲೆಕ್ಕ. ಅದರಲ್ಲೂ ಮೊದಲ ಆರು ಗಂಟೆ ಮುಖ್ಯ. ಐದು ದಿನದ ನಂತರ ಚಂಡಮಾರುತ ಎಲ್ಲಿರುತ್ತದೆ ಎಂದು ಹೇಳುವ ಕಾಲದಲ್ಲಿ ಮೂರು ಗಂಟೆಯ ನಂತರ ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂದು ಹೇಳಲು ಯಾಕಿಷ್ಟು ಕಷ್ಟ? ಇದನ್ನು ಉತ್ತಮಪಡಿಸುವುದು ಅಂದರೆ ಏನು ಮಾಡುವುದು? ದೊಡ್ಡ ಕಂಪ್ಯೂಟರ್ ತಂದರೆ ಮುಗಿಯಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಅರ್ಧ ಉತ್ತರ ಮಾತ್ರ.

ಸೀಲಿಂಗ್ ಅಂದರೆ ಯಾವ ಮೋಡ?

ಆಕಾಶವನ್ನು ಎಂಟು ಪಾಲು ಮಾಡಿ. ಒಂದು ಪದರದ ಮೋಡ ಒಂದೆರಡು ಪಾಲು ಮುಚ್ಚಿದ್ದರೆ ಅದು ‘ಫ್ಯೂ’. ಮೂರು ನಾಲ್ಕು ಪಾಲಾದರೆ ‘ಸ್ಕ್ಯಾಟರ್ಡ್’. ಐದರಿಂದ ಏಳು ‘ಬ್ರೋಕನ್’. ಎಂಟೂ ಮುಚ್ಚಿದರೆ ‘ಓವರ್‌ಕಾಸ್ಟ್’. ಅರ್ಧಕ್ಕಿಂತ ಹೆಚ್ಚು ಆಕಾಶ ಮುಚ್ಚಿದ ಪದರಗಳಲ್ಲಿ ಎಲ್ಲಕ್ಕಿಂತ ಕೆಳಗಿನದರ ತಳವೇ ಸೀಲಿಂಗ್.

ಇಲ್ಲೊಂದು ತಮಾಷೆ ಇದೆ. 600 ಅಡಿಯಲ್ಲಿ ನಾಲ್ಕು ಪಾಲು ಮೋಡ ಇದ್ದರೆ ಲೆಕ್ಕದಲ್ಲಿ ಸೀಲಿಂಗ್ ಇಲ್ಲವೇ ಇಲ್ಲ. ಇನ್ನೊಂದು ತುಂಡು ತೇಲಿ ಬಂದು ಐದು ಪಾಲಾದ ಕ್ಷಣ ಸೀಲಿಂಗ್ 600 ಅಡಿ! ತಾಪಮಾನ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಸೀಲಿಂಗ್ ಹಾಗಲ್ಲ, ನೆಗೆಯುತ್ತದೆ. ನೆಗೆಯುವ ಅಂಕಿಯನ್ನು ಊಹಿಸುವುದು ಯಾವ ಗಣಿತಕ್ಕೂ ಇಷ್ಟವಾದ ಕೆಲಸವಲ್ಲ.

ವಿಸಿಬಿಲಿಟಿ ಎಂದರೆ ಎಷ್ಟು ದೂರದವರೆಗೆ ಕಾಣುತ್ತದೆ ಎಂಬುದು. ಒಂದು ಕಿಲೋಮೀಟರ್‌ಗಿಂತ ಕಡಿಮೆ ಕಂಡರೆ ಅದನ್ನು ಮಂಜು ಎಂದು ವರದಿ ಮಾಡುತ್ತಾರೆ. ಇಳಿಯುವ ವಿಮಾನಕ್ಕೆ ಇನ್ನೂ ನಿಖರವಾದ ಅಂಕಿ ಬೇಕು. ರನ್‌ವೇ ಉದ್ದಕ್ಕೂ ಎಷ್ಟು ಮೀಟರ್ ಕಾಣುತ್ತದೆ ಎನ್ನುವುದು ಆರ್‌ವಿಆರ್. ಉಪಕರಣದ ನೆರವಿನಿಂದ ಇಳಿಯುವ ವ್ಯವಸ್ಥೆಗೆ ‘ಕ್ಯಾಟ್’ ಎಂಬ ದರ್ಜೆಗಳಿವೆ. ಸಾಮಾನ್ಯ ಕ್ಯಾಟ್ 1 ವ್ಯವಸ್ಥೆಯಲ್ಲಿ ಇಳಿಯಲು 550 ಮೀಟರ್ ಆರ್‌ವಿಆರ್ ಬೇಕು. 200 ಅಡಿ ಎತ್ತರಕ್ಕೆ ಬರುವ ಹೊತ್ತಿಗೆ ರನ್‌ವೇ ಅಥವಾ ಅದರ ದೀಪ ಕಣ್ಣಿಗೆ ಬೀಳಬೇಕು, ಇಲ್ಲವೇ ಮೇಲೆ ಏರಬೇಕು. ಕ್ಯಾಟ್ 2ರಲ್ಲಿ ಇದು 300 ಮೀಟರ್ ಮತ್ತು 100 ಅಡಿ. ಕ್ಯಾಟ್ 3ಬಿ ಇದ್ದರೆ 50 ಮೀಟರ್‌ವರೆಗೂ ಇಳಿಯಬಹುದು. ಆದರೆ ಅದಕ್ಕೆ ರನ್‌ವೇ, ವಿಮಾನ, ಪೈಲಟ್ ಮೂವರಿಗೂ ಅರ್ಹತೆ ಬೇಕು.

ಮುನ್ಸೂಚನೆ ಇಂಧನದ ಲೆಕ್ಕಕ್ಕೂ ಬರುತ್ತದೆ. ಅಮೆರಿಕದಲ್ಲಿ ಪೈಲಟ್‌ಗಳು ‘1-2-3’ ಎಂದು ಬಾಯಿಪಾಠ ಮಾಡಿಕೊಳ್ಳುವ ನಿಯಮ ಇದೆ. ತಲುಪುವ ಸಮಯಕ್ಕೆ 1 ಗಂಟೆ ಹಿಂದೆ ಮುಂದೆ, ಸೀಲಿಂಗ್ 2,000 ಅಡಿ ಮತ್ತು ವಿಸಿಬಿಲಿಟಿ 3 ಮೈಲಿ ಇರುತ್ತದೆ ಎಂದು ಮುನ್ಸೂಚನೆ ಹೇಳಬೇಕು. ಹೇಳದಿದ್ದರೆ ಇನ್ನೊಂದು ನಿಲ್ದಾಣವನ್ನು ಗೊತ್ತುಮಾಡಿ, ಅಲ್ಲಿಗೆ ಹೋಗುವಷ್ಟು ಇಂಧನ ಹೊತ್ತು ಹೊರಡಬೇಕು. ಹೆಚ್ಚಿನ ಇಂಧನ ಅಂದರೆ ಹೆಚ್ಚಿನ ಭಾರ, ಆ ಭಾರ ಹೊರಲು ಇನ್ನಷ್ಟು ಇಂಧನ. ಹಾಗಾಗಿ ಸುಮ್ನೆ ‘ಎಚ್ಚರಿಕೆಗೆ ಇರಲಿ’ ಎಂದು ದಿನಾ ಕೆಟ್ಟ ಮುನ್ಸೂಚನೆ ಕೊಡುವುದು ಪುಕ್ಕಟೆ ಸುರಕ್ಷತೆಯಲ್ಲ.

ಗ್ರಾಂನ ಹತ್ತನೇ ಒಂದು ಪಾಲು

ಕಷ್ಟ ಎಲ್ಲಿದೆ ಎಂದು ಒಂದು ಲೆಕ್ಕ ಮಾಡಿ ನೋಡೋಣ. ಲೇಖನದಲ್ಲಿ ಗಣಿತ ಇಷ್ಟೇ, ಹೆದರಬೇಡಿ.

10 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 9.4 ಗ್ರಾಂ ನೀರಾವಿಯನ್ನು ಇಟ್ಟುಕೊಳ್ಳಬಲ್ಲದು. 9 ಡಿಗ್ರಿಗೆ ಇಳಿದರೆ ಸುಮಾರು 8.8 ಗ್ರಾಂ. ಉಳಿದದ್ದು ಹನಿಯಾಗಿ ಹೊರಬರಬೇಕು. ಈಗ ಆ ಗಾಳಿಯಲ್ಲಿ ಬರೀ 0.1 ಗ್ರಾಂ ನೀರು ಸಣ್ಣ ಹನಿಗಳಾಗಿ ತೇಲುತ್ತಿದೆ ಎಂದುಕೊಳ್ಳಿ. ಹವಾಮಾನ ಮಾದರಿಗಳಲ್ಲಿ, ಅಂದರೆ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಕಾರ್ಯಕ್ರಮಗಳಲ್ಲಿ, ಬಳಸುವ ಒಂದು ಹೆಸರಾಂತ ಸೂತ್ರದ ಪ್ರಕಾರ ವಿಸಿಬಿಲಿಟಿ ಸುಮಾರು 200 ಮೀಟರ್. ದಟ್ಟ ಮಂಜು. ನೀರು 0.02 ಗ್ರಾಂ ಮಾತ್ರ ಇದ್ದರೆ ಸುಮಾರು 850 ಮೀಟರ್. ಹನಿಯೇ ಇಲ್ಲದಿದ್ದರೆ ಕಿಲೋಮೀಟರ್‌ಗಟ್ಟಲೆ ಕಾಣುತ್ತದೆ.

0.1 ಗ್ರಾಂ ಹನಿ ಹುಟ್ಟಲು ತೇವ ತುಂಬಿದ ಗಾಳಿ ಎಷ್ಟು ತಣ್ಣಗಾಗಬೇಕು? 0.2 ಡಿಗ್ರಿಗೂ ಕಡಿಮೆ! ವಿಮಾನ ನಿಲ್ದಾಣದ ಮೆಟಾರ್ ಎಂಬ ಹವಾಮಾನ ವರದಿಯಲ್ಲಿ ತಾಪಮಾನವನ್ನು ಇಡೀ ಡಿಗ್ರಿಗೆ ಸರಿಹೊಂದಿಸಿ ಬರೆಯುತ್ತಾರೆ. ಅಂದರೆ ಶುಭ್ರ ಬೆಳಗು ಮತ್ತು ಮುಚ್ಚಿದ ರನ್‌ವೇ, ಈ ಎರಡರ ನಡುವಿನ ಅಂತರ ವರದಿಯ ಅಂಕಿಯೊಳಗೇ ಅಡಗಿ ಹೋಗುತ್ತದೆ. ನಾಳೆ ಗರಿಷ್ಠ ತಾಪಮಾನ 28 ಎಂದು ಹೇಳಿ 29 ಆದರೆ ಯಾರೂ ಕೇಳುವುದಿಲ್ಲ. ಮಂಜಿನ ವಿಷಯದಲ್ಲಿ ಅದರ ಐದನೇ ಒಂದು ಪಾಲಿನ ತಪ್ಪು ಸಾಕು, ಮುನ್ಸೂಚನೆ ಪೂರ್ತಿ ತಲೆಕೆಳಗು.

ಅಷ್ಟೇ ಅಲ್ಲ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಗಾಳಿ ಪೂರ್ತಿ ನಿಂತರೆ ನೆಲಕ್ಕೆ ತಾಗಿದ ತೆಳು ಪದರ ಮಾತ್ರ ತಣಿದು, ನೀರು ಇಬ್ಬನಿಯಾಗಿ ಹುಲ್ಲಿನ ಮೇಲೆ ಕೂರುತ್ತದೆ. ಸ್ವಲ್ಪ ಅಲುಗಾಡಿದರೆ ತಣ್ಪು ಮೇಲಕ್ಕೆ ಹರಡಿ ಮಂಜು ಕಟ್ಟುತ್ತದೆ. ಗಾಳಿ ಇನ್ನೂ ಜಾಸ್ತಿಯಾದರೆ ಮೇಲಿನ ಒಣಗಾಳಿ ಬೆರೆತು ಮಂಜು ಒಡೆಯುತ್ತದೆ, ಅಥವಾ ನೆಲ ಬಿಟ್ಟು ಮೇಲೆದ್ದು ತಗ್ಗು ಮೋಡವಾಗಿ ಕೂರುತ್ತದೆ. ವಿಸಿಬಿಲಿಟಿಯ ತೊಂದರೆ ಸೀಲಿಂಗ್ ತೊಂದರೆಯಾಗಿ ಬದಲಾಯಿತು, ಅಷ್ಟೇ. ಸೂರ್ಯ ಹುಟ್ಟಿದ ಕೂಡಲೇ ಮಂಜು ಇನ್ನೂ ದಟ್ಟವಾದದ್ದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. ಮೊದಲ ಬಿಸಿಲಿಗೆ ಇಬ್ಬನಿ ಆವಿಯಾಗಿ, ಗಾಳಿ ಮೆಲ್ಲಗೆ ಕಲಕಿ, ನೆಲದ ತೇವ ಮೇಲೇರುವುದು ಇದಕ್ಕೆ ಕಾರಣ.

ಇದರ ಜೊತೆಗೆ ಧೂಳು, ಹೊಗೆ. ಒಂದೇ ಪ್ರಮಾಣದ ನೀರು ಕೆಲವೇ ದಪ್ಪ ಹನಿಗಳಾಗಿದ್ದರೆ ದೂರ ಕಾಣುತ್ತದೆ. ಲೆಕ್ಕವಿಲ್ಲದಷ್ಟು ಪುಟ್ಟ ಹನಿಗಳಾಗಿದ್ದರೆ ಕಾಣುವುದಿಲ್ಲ. ಹನಿ ಕಟ್ಟಲು ಕಣ ಬೇಕು, ಕಣ ಜಾಸ್ತಿಯಾದಷ್ಟೂ ಹನಿ ಜಾಸ್ತಿ. ದೆಹಲಿಯ ಗಾಳಿಯ ಮೇಲೆ ಮದ್ರಾಸ್ ಐಐಟಿಯ ಸಚಿನ್ ಗುಂಥೆ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆ ಸಾಕ್ಷಿ. ಪ್ಲಾಸ್ಟಿಕ್ ಬೆರೆತ ಕಸ ಸುಟ್ಟಾಗ, ಕೆಲವು ಕೈಗಾರಿಕೆಗಳಿಂದ, ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಬರುತ್ತದೆ. ಅದು ಗಾಳಿಯಲ್ಲಿರುವ ಅಮೋನಿಯಾ ಜೊತೆ ಸೇರಿ ಕ್ಲೋರೈಡ್ ಕಣಗಳಾಗುತ್ತದೆ. ಈ ಕಣಗಳಿಗೆ ನೀರು ಹೀರುವ ಚಟ. ಹಾಗಾಗಿ ದೆಹಲಿಯ ರನ್‌ವೇ ಮೇಲೆ ಏನು ಕಾಣುತ್ತದೆ ಎನ್ನುವುದು ಆ ರಾತ್ರಿ ಊರಿನಲ್ಲಿ ಏನು ಸುಟ್ಟರು ಎನ್ನುವುದನ್ನೂ ಅವಲಂಬಿಸಿದೆ. ಯಾವ ಕಂಪ್ಯೂಟರ್ ಮಾದರಿಗೂ ಇದನ್ನು ಮುಂಚೆಯೇ ಯಾರೂ ಹೇಳಿರುವುದಿಲ್ಲ.

ಲ್ಯಾಂಪ್: ನಿಲ್ದಾಣದ ವರದಿಗೂ ಮಾದರಿಗೂ ಗಂಟು

ಮುಂದಿನ ಒಂದೆರಡು ಗಂಟೆಗೆ ಎಲ್ಲಕ್ಕಿಂತ ಸುಲಭದ ಮುನ್ಸೂಚನೆ ಯಾವುದು? ಈಗ ಹೇಗಿದೆಯೋ ಹಾಗೆಯೇ ಇರುತ್ತದೆ ಎನ್ನುವುದು. ನಗಬೇಡಿ, ಈ ಸೋಮಾರಿ ವಿಧಾನವನ್ನು ಸೋಲಿಸಲು ಹವಾಮಾನ ಶಾಸ್ತ್ರ ದಶಕಗಟ್ಟಲೆ ಹೆಣಗಿದೆ. ದೊಡ್ಡ ಮಾದರಿ ಓಡಿ ಉತ್ತರ ಬರುವ ಹೊತ್ತಿಗೆ ಗಂಟೆಗಳೇ ಕಳೆದಿರುತ್ತವೆ. ಅಮೆರಿಕದ ಜಾಗತಿಕ ಮಾದರಿಯ ಫಲಿತಾಂಶ ಕೈಗೆ ಸಿಗುವುದು ಅದು ಆಧರಿಸಿದ ಸಮಯದಿಂದ ಮೂರು ಗಂಟೆಗೂ ಹೆಚ್ಚು ತಡವಾಗಿ. ಅಷ್ಟರಲ್ಲಿ ಕಿಟಕಿಯ ಆಚೆ ನೋಡಿದವನಿಗೆ ಮಾದರಿಗಿಂತ ಜಾಸ್ತಿ ಗೊತ್ತಿರುತ್ತದೆ.

ಮಾದರಿಗೆ ಇನ್ನೊಂದು ದೋಷ ಇದೆ. ಪ್ರತಿ ಊರಿಗೂ ಅದು ತನ್ನದೇ ರೀತಿಯಲ್ಲಿ ತಪ್ಪುತ್ತದೆ. ಒಂದು ಕಡೆ ಸದಾ ಒಣ, ಇನ್ನೊಂದು ಕಡೆ ಸದಾ ತಂಪು. ಗೋಡೆಯ ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ ಎಂದು ಗೊತ್ತಿದ್ದರೆ ನಾವು ಐದು ನಿಮಿಷ ಕಳೆದು ಓದುತ್ತೇವಲ್ವಾ, ಅದೇ ಯೋಚನೆಯನ್ನು ಹ್ಯಾರಿ ಗ್ಲಾನ್ ಮತ್ತು ಡೇಲ್ ಲೌರಿ 1972ರಲ್ಲಿ ಹವಾಮಾನಕ್ಕೆ ತಂದರು. ಮಾದರಿ ಹಿಂದೆ ಏನು ಹೇಳಿತ್ತು, ನಿಜವಾಗಿ ಏನಾಯಿತು, ಎರಡನ್ನೂ ವರ್ಷಗಟ್ಟಲೆ ಪಕ್ಕಪಕ್ಕ ಇಟ್ಟು ಪ್ರತಿ ನಿಲ್ದಾಣಕ್ಕೂ ತಿದ್ದುಪಡಿಯ ಸಮೀಕರಣ ಬರೆಯುವುದು. ಇದಕ್ಕೆ ಮಾಸ್ ಎಂದು ಹೆಸರು.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಲ್ಯಾಂಪ್ ಬಂದದ್ದು ಇದರ ಮೇಲೆಯೇ. ಮಾಸ್ ಹೇಳಿದ್ದನ್ನು ತೆಗೆದುಕೊಂಡು, ಗಂಟೆಗೊಮ್ಮೆ ನಿಲ್ದಾಣದಿಂದ ಬರುವ ತಾಜಾ ವರದಿಯನ್ನು ಅದಕ್ಕೆ ಬೆರೆಸುವುದು ಲ್ಯಾಂಪ್ ಕೆಲಸ. ಮುಂದಿನ ಒಂದು ಗಂಟೆಗೆ ಈಗಿನ ವರದಿಗೆ ತೂಕ ಜಾಸ್ತಿ. ಆರು ಗಂಟೆಯಾಚೆ ಹೋದಂತೆ ವರದಿಯ ತೂಕ ಇಳಿಯುತ್ತದೆ, ಮಾದರಿಯ ತೂಕ ಏರುತ್ತದೆ. ಈ ತೂಕಗಳನ್ನು ಯಾರೂ ಕೂತು ಊಹಿಸುವುದಿಲ್ಲ. ಹಳೆಯ ದಾಖಲೆಗಳೇ ಹೇಳುತ್ತವೆ. ಹೀಗೆ 1,600ಕ್ಕೂ ಹೆಚ್ಚು ನಿಲ್ದಾಣಗಳಿಗೆ ದಿನದ 24 ಗಂಟೆಯೂ, ಪ್ರತಿ ಗಂಟೆಯೂ ಹೊಸ ಮುನ್ಸೂಚನೆ.

ಇದು ಚೆನ್ನಾಗಿಯೇ ಓಡಿತು. ಆದರೆ ಒಂದು ಕಡೆ ಎಡವುತ್ತಿತ್ತು. ಈಗಿನ ವರದಿ ‘ಎಲ್ಲ ತಿಳಿ’ ಎನ್ನುತ್ತಿದೆ, ಜಾಗತಿಕ ಮಾದರಿಯ ಒರಟು ಚಿತ್ರದಲ್ಲೂ ಏನೂ ಇಲ್ಲ, ಆದರೆ ಇಪ್ಪತ್ತು ಕಿಲೋಮೀಟರ್ ಆಚೆ ಮೋಡದ ಹಾಸು ಬರುತ್ತಿದೆ. ಇದನ್ನು ಅಂಕಿಅಂಶದ ಸಮೀಕರಣ ಕಾಣಲಾರದು. ಕಾಣಬಲ್ಲದ್ದು ಎಚ್‌ಆರ್‌ಆರ್‌ಆರ್ ಎಂಬ ಮಾದರಿ. ಉಚ್ಚಾರಣೆಗೆ ಕಷ್ಟವೆಂದು ಅಲ್ಲಿನವರು ಅದನ್ನು ‘ಹರ್’ ಎನ್ನುತ್ತಾರೆ. ಕೊಲರಾಡೋದ ಬೋಲ್ಡರ್‌ನಲ್ಲಿ ಬೆಳೆದು 2014ರ ಸೆಪ್ಟೆಂಬರ್‌ನಲ್ಲಿ ದಿನಬಳಕೆಗೆ ಬಂದ ಈ ಮಾದರಿ ಅಮೆರಿಕದ ಮೇಲಿನ ಗಾಳಿಯನ್ನು 3 ಕಿಲೋಮೀಟರ್ ಚೌಕಗಳಾಗಿ ಕತ್ತರಿಸಿ ಗಂಟೆಗೊಮ್ಮೆ ಹೊಸದಾಗಿ ಲೆಕ್ಕ ಹಾಕುತ್ತದೆ. ರೇಡಾರ್ ಕಂಡದ್ದನ್ನೂ ಒಳಗೆ ತೆಗೆದುಕೊಳ್ಳುತ್ತದೆ. ಮಳೆಯ ಸಾಲು ಎತ್ತ ಸರಿಯುತ್ತದೆ, ಮೋಡದ ಅಂಚು ಯಾವಾಗ ದಾಟುತ್ತದೆ ಎಂಬ ವಿಷಯದಲ್ಲಿ ಇದು ಜಾಣ. ನಿಲ್ದಾಣದ ನೆತ್ತಿಯ ಮೇಲೆ ಈ ಕ್ಷಣ ಇರುವ ಮೋಡದ ತಳವನ್ನು ನೂರು ಅಡಿ ಲೆಕ್ಕದಲ್ಲಿ ಹೇಳು ಎಂದರೆ ತಪ್ಪುತ್ತದೆ.

2010ರ ದಶಕದ ಕೊನೆಯ ಹೊತ್ತಿಗೆ ಈ ಎರಡನ್ನೂ ಬೆಸೆದರು. ಅದಕ್ಕೆ ‘ಮೆಲ್ಡ್’ ಎಂದೇ ಹೆಸರಿಟ್ಟರು. ಬೆಸೆಯುವುದು ಎಂದರೆ ಎರಡು ಅಂಕಿಗಳ ಸರಾಸರಿ ತೆಗೆಯುವುದಲ್ಲ. 400 ಅಡಿ ಮತ್ತು 4,000 ಅಡಿಯ ಸರಾಸರಿ 2,200 ಅಡಿ. ಅಂಥ ಮೋಡ ಆ ದಿನ ಆ ಊರಲ್ಲಿ ಎಲ್ಲೂ ಇರುವುದಿಲ್ಲ! ಅದಕ್ಕೇ ಇಲ್ಲಿ ಸಂಭವದ ಲೆಕ್ಕ ನಡೆಯುತ್ತದೆ. ಸೀಲಿಂಗ್ 500 ಅಡಿಗಿಂತ ಕೆಳಗಿರುವ ಸಂಭವ ಎಷ್ಟು, 1,000 ಅಡಿಗಿಂತ ಕೆಳಗಿರುವ ಸಂಭವ ಎಷ್ಟು ಎಂದು ಹಂತ ಹಂತವಾಗಿ ಕೇಳುತ್ತಾರೆ. ಆ ಸಂಭವ ಗೊತ್ತುಮಾಡಿದ ಗೆರೆ ದಾಟಿದರೆ ಆ ಹಂತವನ್ನು ಮುನ್ಸೂಚನೆಯಾಗಿ ಆರಿಸುತ್ತಾರೆ. 500, 1,000 ಮತ್ತು 3,000 ಅಡಿ ಸುಮ್ಮನೆ ಬಂದ ಅಂಕಿಗಳಲ್ಲ. ಅಮೆರಿಕದ ವಿಮಾನಯಾನದ ನಾಲ್ಕು ವರ್ಗಗಳ ಗಡಿಗಳು ಅವು. 1,050 ಅಡಿ 950 ಆದರೆ ವರ್ಗವೇ ಬದಲು. 5,000 ಅಡಿ 4,000 ಆದರೆ ಏನೂ ಆಗುವುದಿಲ್ಲ.

ಜೊತೆಗೆ ಎರಡು ಸಣ್ಣ ಸುಧಾರಣೆಗಳು. ಲ್ಯಾಂಪ್ ಮೊದಲು 25 ಗಂಟೆಗೆ ನಿಲ್ಲುತ್ತಿತ್ತು. ದೊಡ್ಡ ನಿಲ್ದಾಣಗಳ ಅಧಿಕೃತ ಮುನ್ಸೂಚನೆ, ಅಂದರೆ ಟಾಫ್, 30 ಗಂಟೆಯದು. ಆಮೇಲೆ ಸೀಲಿಂಗ್ ಮತ್ತು ವಿಸಿಬಿಲಿಟಿಯ ಲೆಕ್ಕವನ್ನು 38 ಗಂಟೆಗೆ ಚಾಚಿದರು. ಎರಡನೆಯದು, ನಿಲ್ದಾಣವಿರುವ ಚುಕ್ಕೆಗಳಿಗಷ್ಟೇ ಅಲ್ಲದೆ ಅವುಗಳ ನಡುವಿನ ಜಾಗಕ್ಕೂ 2.5 ಕಿಲೋಮೀಟರ್ ಚೌಕಗಳಲ್ಲಿ ನಕ್ಷೆ. ಆಂಬುಲೆನ್ಸ್ ಹೆಲಿಕಾಪ್ಟರ್ ಹಾರಿಸುವವರಿಗೆ ಇದೇ ದೊಡ್ಡದು. ಅಪಘಾತಗಳು ವಿಮಾನ ನಿಲ್ದಾಣದ ಪಕ್ಕದಲ್ಲೇ ಆಗಬೇಕೆಂದೇನೂ ಇಲ್ಲವಲ್ಲ.

ಇಂಥ ಬೆಸುಗೆಯ ಒಂದು ದೌರ್ಬಲ್ಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ತಿದ್ದುಪಡಿಯ ಸಮೀಕರಣ ಹಳೆಯ ಮಾದರಿಯ ತಪ್ಪುಗಳನ್ನು ಕಲಿತಿರುತ್ತದೆ. ಒಳಗಿನ ಮಾದರಿಯನ್ನು ಯಾರಾದರೂ ‘ಉತ್ತಮ’ಗೊಳಿಸಿದರೆ ಅದು ಬೇರೆ ರೀತಿ ತಪ್ಪಲು ಶುರುಮಾಡುತ್ತದೆ. ತಿದ್ದುಪಡಿ ಮಾತ್ರ ಇಲ್ಲದ ತಪ್ಪನ್ನು ತಿದ್ದುತ್ತಾ ಕೂರುತ್ತದೆ. ಆದ್ದರಿಂದ ಹೊಸ ಮಾದರಿಯನ್ನು ಹಳೆಯ ದಿನಗಳ ಮೇಲೆ ಮತ್ತೆ ಓಡಿಸಿ, ಹೊಸ ಸಮೀಕರಣ ಬರೆದು, ಹಳೆಯದರ ಪಕ್ಕದಲ್ಲಿ ಕೆಲ ಕಾಲ ನಡೆಸಿ ನೋಡಿದ ಮೇಲೆಯೇ ಬದಲಾಯಿಸಬೇಕು. ಈ ಬೇಸರದ ಕೆಲಸಕ್ಕೆ ಯಾವ ಸುದ್ದಿಯಲ್ಲೂ ಜಾಗ ಸಿಗುವುದಿಲ್ಲ. ನನ್ನ ಕೇಳಿದರೆ ಸುಧಾರಣೆಯ ಅರ್ಧ ಇದೇ.

‘ಶೇಕಡಾ 98 ಸರಿ’ ಎಂದವರನ್ನು ನಂಬಬಹುದೇ?

1884ರಲ್ಲಿ ಜಾನ್ ಪಾರ್ಕ್ ಫಿನ್ಲೆ ಎಂಬ ಅಮೆರಿಕದ ಸೇನಾಧಿಕಾರಿ ಸುಂಟರಗಾಳಿಯ ಮುನ್ಸೂಚನೆ ಪ್ರಯೋಗ ಮಾಡಿದ. ಒಟ್ಟು 2,803 ಮುನ್ಸೂಚನೆ. ತನ್ನದು ಶೇಕಡಾ 96.6 ಸರಿ ಎಂದು ಲೆಕ್ಕ ಕೊಟ್ಟ. ಗ್ರೋವ್ ಕಾರ್ಲ್ ಗಿಲ್ಬರ್ಟ್ ಎಂಬ ಭೂವಿಜ್ಞಾನಿ ಅದನ್ನು ಬಿಡಿಸಿ ನೋಡಿದ. ಫಿನ್ಲೆ 100 ಸಲ ಸುಂಟರಗಾಳಿ ಬರುತ್ತದೆ ಎಂದಿದ್ದ, ಬಂದದ್ದು 28 ಸಲ. ಹೇಳದೇ ಇದ್ದಾಗ 23 ಸಲ ಬಂತು. ಮಿಕ್ಕ 2,680 ಸಲ ಬರುವುದಿಲ್ಲ ಎಂದ, ಬರಲಿಲ್ಲ. ಪ್ರತಿ ಸಲವೂ ಕಣ್ಣುಮುಚ್ಚಿ ‘ಬರುವುದಿಲ್ಲ’ ಎಂದಿದ್ದರೆ ಶೇಕಡಾ 98.2 ಸರಿಯಾಗುತ್ತಿತ್ತು!

ಮಂಜಿಗೂ ತಗ್ಗು ಮೋಡಕ್ಕೂ ಇದೇ ಕಥೆ. ವರ್ಷದ ಬಹುಪಾಲು ಗಂಟೆಗಳಲ್ಲಿ ಅವು ಇರುವುದಿಲ್ಲ. ಹಾಗಾಗಿ ಗಿಲ್ಬರ್ಟ್ ಹೇಳಿದಂತೆ, ಸುಲಭದ ‘ಇಲ್ಲ’ಗಳನ್ನು ಲೆಕ್ಕದಿಂದ ತೆಗೆದುಹಾಕಬೇಕು. ಹೇಳಿ ಆದದ್ದು, ಹೇಳಿಯೂ ಆಗದ್ದು, ಹೇಳದೆ ಆದದ್ದು, ಈ ಮೂರನ್ನು ಕೂಡಿಸಿ, ಹೇಳಿ ಆದದ್ದು ಅದರಲ್ಲಿ ಎಷ್ಟು ಎಂದು ನೋಡಬೇಕು. ಆ ಲೆಕ್ಕದಲ್ಲಿ ಫಿನ್ಲೆಗೆ ಸಿಗುವುದು ಶೇಕಡಾ 23ರಷ್ಟು ಮಾತ್ರ. ವಿಮಾನಯಾನದ ಮುನ್ಸೂಚನೆಯನ್ನು ಇವತ್ತಿಗೂ ಅಳೆಯುವುದು ಇದೇ ಅಳತೆಯಲ್ಲಿ. ಅದರಲ್ಲೂ ವರ್ಗ ಬದಲಾಗುವ ಗಂಟೆಗಳಲ್ಲಿ ಹೇಗೆ ನಡೆಯಿತು ಎಂದು ನೋಡಬೇಕು. ಇಡೀ ರಾತ್ರಿ ಮಂಜಿದೆ, ಇಡೀ ರಾತ್ರಿ ‘ಮಂಜಿದೆ’ ಎಂದರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಯಾವಾಗ ಬಂತು, ಯಾವಾಗ ಹೋಯಿತು ಎನ್ನುವುದನ್ನು ಹೇಳಬೇಕು.

ಸ್ಯಾನ್ ಫ್ರಾನ್ಸಿಸ್ಕೋದವರು ಇದನ್ನು ಲ್ಯಾಂಪ್‌ಗಿಂತ ಮುಂಚೆಯೇ ತಮ್ಮದೇ ರೀತಿಯಲ್ಲಿ ಎದುರಿಸಿದ್ದರು. ಅಮೆರಿಕದ ವಿಮಾನಯಾನ ಆಡಳಿತದ ಹಣದಲ್ಲಿ ಎಂಐಟಿಯ ಲಿಂಕನ್ ಲ್ಯಾಬೊರೇಟರಿ ಮತ್ತು ಜೊತೆಗಾರರು ಆ ಒಂದು ನಿಲ್ದಾಣಕ್ಕೇ ಒಂದು ವ್ಯವಸ್ಥೆ ಕಟ್ಟಿ, 2004ರಲ್ಲಿ ಹವಾಮಾನ ಸೇವೆಗೆ ಒಪ್ಪಿಸಿದರು. ಮೋಡದ ತಲೆ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯಲು ಶಬ್ದದ ಅಲೆ ಕಳಿಸಿ ಅಳೆಯುವ ಸೋಡಾರ್ ಇಟ್ಟರು. ತಳದ ಎತ್ತರ ಲೇಸರ್ ಬೆಳಕಿನ ಸೀಲೋಮೀಟರ್‌ನಿಂದ ಗೊತ್ತಿತ್ತು. ತಲೆಯಿಂದ ತಳ ಕಳೆದರೆ ದಪ್ಪ. ದಪ್ಪ ಗೊತ್ತಾದರೆ ಎಷ್ಟು ಬಿಸಿಲು ಬೇಕು ಎಂಬ ಅಂದಾಜು. ಬಿಸಿಲಿನ ಬಲ ಅಳೆಯಲೂ ಉಪಕರಣ ಇತ್ತು. ಭೌತಶಾಸ್ತ್ರದ ಒಂದು ಮಾದರಿ, ಅಂಕಿಅಂಶದ ಎರಡು, ಉಪಗ್ರಹ ಚಿತ್ರದ ಮೇಲೆ ನಿಂತ ಇನ್ನೊಂದು. ನಾಲ್ಕನ್ನೂ ಸೇರಿಸಿ ಒಂದೇ ಸಮಯ, ಜೊತೆಗೆ ಸಂಭವ.

ಅಲ್ಲಿ ಬಯಲಾದ ಒಂದು ಸೂಕ್ಷ್ಮ ನನಗೆ ತುಂಬ ಇಷ್ಟ. ನಿಲ್ದಾಣದ ನೆತ್ತಿಯ ಮೇಲೆ ಮೋಡ ಹೋದರೆ ಸಾಲದು. ವಿಮಾನಗಳು ಇಳಿಯಲು ಸಾಲುಗಟ್ಟುವುದು ಕೊಲ್ಲಿಯ ಮೇಲೆ, ಸ್ಯಾನ್ ಮಟೇಯೊ ಸೇತುವೆಯ ಹತ್ತಿರ. ಪೈಲಟ್‌ಗಳು ಒಬ್ಬರನ್ನೊಬ್ಬರು ನೋಡಬೇಕಾದದ್ದು ಅಲ್ಲಿ. ಸೀಲೋಮೀಟರ್ ತನ್ನ ತಲೆಯ ಮೇಲಿನ ಒಂದು ಚುಕ್ಕೆಯನ್ನು ಮಾತ್ರ ನೋಡುತ್ತದೆ. ಅಮೆರಿಕದ ಸ್ವಯಂಚಾಲಿತ ಕೇಂದ್ರಗಳು ಕಳೆದ 30 ನಿಮಿಷ ಆ ಚುಕ್ಕೆಯ ಮೇಲೆ ಹಾದುಹೋದ ಮೋಡವನ್ನು ಲೆಕ್ಕ ಹಾಕಿ ಇಡೀ ಆಕಾಶದ ಅಂದಾಜು ಕೊಡುತ್ತವೆ. ಯಂತ್ರದ ಪ್ರಕಾರ ಆಕಾಶ ತಿಳಿ, ಕಂಟ್ರೋಲರ್ ಪ್ರಕಾರ ಇನ್ನೂ ಮೋಡ. ಇಬ್ಬರೂ ಸರಿ. ಅಂದರೆ ಮುನ್ಸೂಚನೆ ಕೊಡುವ ಮುಂಚೆ ‘ಎಲ್ಲಿಯ ಆಕಾಶ’ ಎಂದು ಕೇಳಿಕೊಳ್ಳಬೇಕಿತ್ತು.

ನಮ್ಮ ಕಡೆ

ದೆಹಲಿಯಲ್ಲಿ 2015ರ ಚಳಿಗಾಲದಿಂದ ವೈಫೆಕ್ಸ್ ಎಂಬ ಮಂಜಿನ ಅಧ್ಯಯನ ನಡೆಯುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಇದರ ಮುಂದಾಳು. ಹವಾಮಾನ ಇಲಾಖೆಯೂ ಜೊತೆಗಿದೆ. ಇಂದಿರಾ ಗಾಂಧಿ ನಿಲ್ದಾಣದಲ್ಲೇ ಉಪಕರಣ ನೆಟ್ಟು ಮಣ್ಣಿನ ಬಿಸಿ, ಗಾಳಿಯ ಪದರ, ಹನಿಯ ಗಾತ್ರ, ಕಣಗಳ ರಸಾಯನ ಎಲ್ಲವನ್ನೂ ಅಳೆದರು. ಅದರಿಂದ ಬಂದದ್ದು 3 ಕಿಲೋಮೀಟರ್ ಚೌಕದ, ಸಂಭವದ ಲೆಕ್ಕ ಕೊಡುವ ಮಂಜಿನ ಮುನ್ಸೂಚನೆ. ದೆಹಲಿಗೆ ಕ್ಯಾಟ್ 3ಬಿ ಇದ್ದರೂ ಮುನ್ಸೂಚನೆ ಯಾಕೆ ಬೇಕು ಎನ್ನಬಹುದು. 50 ಮೀಟರ್‌ನಲ್ಲಿ ಇಳಿಯಬಹುದು, ನಿಜ. ಆದರೆ ವಿಮಾನಗಳ ನಡುವೆ ಅಂತರ ಜಾಸ್ತಿ ಬೇಕು, ನೆಲದ ಮೇಲೆ ನಿಧಾನ ಹೋಗಬೇಕು, ಕ್ಯಾಟ್ 3 ತರಬೇತಿಯ ಪೈಲಟ್‌ಗಳನ್ನೇ ಆ ಪಾಳಿಗೆ ಹಾಕಬೇಕು. ಕೊನೆಯದನ್ನು ಹಿಂದಿನ ಸಂಜೆಯೇ ನಿರ್ಧರಿಸಬೇಕಲ್ಲ.

ದೇಶದ ಹಲವು ರನ್‌ವೇಗಳ ಪಕ್ಕದಲ್ಲಿ ಆರ್‌ವಿಆರ್ ಅಳೆಯುವ ‘ದೃಷ್ಟಿ’ ಎಂಬ ಯಂತ್ರ ಬೆಂಗಳೂರಿನ ಎನ್‌ಎಎಲ್ ಎಂಬ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ತಯಾರಾದದ್ದು. ಒಂದು ಕಡೆಯಿಂದ ಬೆಳಕು ಬಿಟ್ಟು, ಇನ್ನೊಂದು ಕಡೆ ಎಷ್ಟು ತಲುಪಿತು ಎಂದು ಅಳೆಯುತ್ತದೆ. ಮೊದಲು ಇಂಥ ಯಂತ್ರಗಳನ್ನು ಹೊರದೇಶದಿಂದ ತರಿಸಬೇಕಿತ್ತು. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ನಸುಕಿನಲ್ಲಿ ಮಂಜು ಮಾಮೂಲು. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಅಲ್ಲಿ ಉಪಕರಣ ಇಟ್ಟು ಅದನ್ನು ಅಧ್ಯಯನ ಮಾಡಿದ್ದಾರೆ. ದಕ್ಷಿಣದ ರನ್‌ವೇಗೆ ಕ್ಯಾಟ್ 3ಬಿ ಬಂದ ಮೇಲೆ ರದ್ದು, ಡೈವರ್ಟ್‌ಗಳ ಭಯ ತಗ್ಗಿದೆ.

ಮಂಗಳೂರಿನದು ಬೇರೆಯೇ ಲೆಕ್ಕ. ಬಜಪೆಯ ನಿಲ್ದಾಣ ಗುಡ್ಡದ ತಲೆ ಮಟ್ಟ ಮಾಡಿ ಕಟ್ಟಿದ್ದು, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರ. ಕೆಳಗಿನ ಬಯಲಿಗೆ 500 ಅಡಿ ಎತ್ತರದಲ್ಲಿರುವ ಮೋಡ ರನ್‌ವೇಗೆ 200 ಅಡಿಗೂ ಕಡಿಮೆ. ಜುಲೈಯಲ್ಲಿ ಮಳೆಯೇ ವಿಸಿಬಿಲಿಟಿಯನ್ನು ನುಂಗುತ್ತದೆ. ವಿಮಾನ ಬೆಂಗಳೂರಿಗೋ ಕೇರಳಕ್ಕೋ ತಿರುಗುತ್ತದೆ. ರಾತ್ರಿ ತಣಿದು ಕಟ್ಟುವ ಮಂಜಿಗೆ ಬರೆದ ಸಮೀಕರಣ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿನ ಹವೆ ಬರುವುದು ಪಡುವಣದಿಂದ, ಅರಬ್ಬೀ ಸಮುದ್ರದ ಮೇಲಿಂದ. ಅಲ್ಲಿ ಗಂಟೆಗೊಮ್ಮೆ ವರದಿ ಕೊಡುವ ನಿಲ್ದಾಣಗಳ ಸಾಲೇ ಇಲ್ಲ. ಉಪಗ್ರಹ ನೋಡುತ್ತದೆ, ಆದರೆ ಮುಂಗಾರಿನ ಎತ್ತರದ ಮೋಡದ ಕೆಳಗೆ ಅಡಗಿದ ತಗ್ಗು ಮೋಡದ ತಳ ಅದಕ್ಕೆ ಕಾಣುವುದಿಲ್ಲ. ಲ್ಯಾಂಪ್‌ನಂಥದ್ದನ್ನು ಮಂಗಳೂರಿಗೆ ಕಟ್ಟಬೇಕೆಂದರೆ ಮೊದಲು ಬೇಕಾದದ್ದು ಬಜಪೆಯ ಹಲವು ವರ್ಷಗಳ ಮಳೆಗಾಲದ ಅರ್ಧರ್ಧ ಗಂಟೆಯ ವರದಿಗಳ ಸ್ವಚ್ಛ ದಾಖಲೆ, ಅವೇ ದಿನಗಳ ಮೇಲೆ ಓಡಿಸಿದ ಮಾದರಿಯ ಫಲಿತಾಂಶ, ಮತ್ತು ಕರಾವಳಿಯ ಅಂಚಿನಲ್ಲಿ ಇನ್ನಷ್ಟು ಸೀಲೋಮೀಟರ್.